ಅರವತ್ತು ವರ್ಷ ತಡವಾಗಿ ಬಂದ ರಾತ್ರಿಗಳು

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತೀರಿಕೊಂಡದ್ದು 1967ರ ಜುಲೈ 17ರಂದು. ಆಗ ಅವರಿಗೆ 40 ವರ್ಷ. 2023ರ ಜುಲೈ 14ಕ್ಕೆ ಅವರದೊಂದು ಹೊಸ ಆಲ್ಬಮ್ ಬಂತು. ಸುಮಾರು 80 ನಿಮಿಷದ ಸಂಗೀತ. 1961ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ಗೇಟ್ ಎಂಬ ಕ್ಲಬ್ಬಿನಲ್ಲಿ ನುಡಿಸಿದ್ದು. ಅವತ್ತು ಅಲ್ಲಿ ಕೂತು ಕೇಳಿದವರು ಮನೆಗೆ ಹೋದರು. ಟೇಪು ಉಳಿಯಿತು. ನಮ್ಮ ಕೈಗೆ ಬರಲು ಅದಕ್ಕೆ 62 ವರ್ಷ ಬೇಕಾಯಿತು.

ಬಿಡುಗಡೆಯ ಸುದ್ದಿ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಜೊತೆಗೆ 'ಇಂಪ್ರೆಶನ್ಸ್' ಎಂಬ ಒಂದು ರಚನೆಯನ್ನು ಮೊದಲೇ ಕೇಳಲು ಬಿಟ್ಟರು. ಅಲ್ಲಿಂದ ಜುಲೈವರೆಗೆ ನನಗೂ ನನ್ನ ಜಾಝ್ ಗೆಳೆಯರಿಗೂ ಬೇರೆ ಮಾತೇ ಇರಲಿಲ್ಲ. ಹತ್ತು ನಿಮಿಷದ ಆ ಒಂದು ತುಣುಕನ್ನು ಕೇಳಿದ್ದೇ ಕೇಳಿದ್ದು. ಡ್ರಮ್ಸ್ ಯಾಕೆ ಇಷ್ಟು ಹತ್ತಿರ ಇದೆ, ಬೇಸ್ ಎಂಬ ಮಂದ್ರದ ದೊಡ್ಡ ತಂತಿವಾದ್ಯ ಎಲ್ಲಿ ಹೋಯಿತು, ಕೋಲ್ಟ್ರೇನ್ ಜೊತೆ ನುಡಿಸುವ ಎರಿಕ್ ಡಾಲ್ಫಿ ಒಳಗೆ ಬರುವ ಜಾಗ ಯಾವುದು. ಹೀಗೆ ಫೋನಿನಲ್ಲಿ ರಾತ್ರಿಯೆಲ್ಲ ಮಾತು.

ಈ ಥರ ಕಾಯುವುದರಲ್ಲಿ ಒಂದು ವಿಶೇಷ ಇದೆ. ಸಿನಿಮಾ ಹಾಡಿನ ಆಲ್ಬಮ್ ಬರುತ್ತದೆ ಅಂದರೆ ಹಾಡುಗಳು ಯಾವುವು, ಹಾಡಿದವರು ಯಾರು ಎಂದು ಕೇಳುತ್ತೇವೆ. ಜಾಝ್‌ನ ಹಳೆಯ ಲೈವ್ ಟೇಪು ಬರುತ್ತದೆ ಅಂದರೆ ಮೊದಲು ಕೇಳುವುದು ತಾರೀಖು. ಆಮೇಲೆ ಊರು, ಕ್ಲಬ್ಬು. ಆಮೇಲೆ ವೇದಿಕೆಯ ಮೇಲೆ ಯಾರ್‍ಯಾರು ಇದ್ದರು ಎಂಬುದು. ರಚನೆಯ ಹೆಸರು ಕೊನೆಗೆ. ಯಾಕೆಂದರೆ ಅದು ಬಹುಪಾಲು ಗೊತ್ತಿರುವುದೇ ಆಗಿರುತ್ತದೆ.

'ಮೈ ಫೇವರಿಟ್ ಥಿಂಗ್ಸ್' ಎಂಬುದನ್ನೇ ನೋಡಿ. ಕೋಲ್ಟ್ರೇನ್ ಅದನ್ನು 1960ರ ಅಕ್ಟೋಬರ್‌ನಲ್ಲಿ ಸ್ಟುಡಿಯೋದಲ್ಲಿ ನುಡಿಸಿದಾಗ ಹದಿಮೂರು ಚಿಲ್ಲರೆ ನಿಮಿಷ ಇತ್ತು. 1966ರ ಜುಲೈನಲ್ಲಿ ಟೋಕಿಯೋದಲ್ಲಿ ಅದೇ ರಚನೆ ಒಂದು ಗಂಟೆಯ ಹತ್ತಿರ ಹೋಯಿತು. ನಡುವಿನ ವರ್ಷಗಳಲ್ಲಿ ಅದನ್ನು ಎಷ್ಟೋ ರಾತ್ರಿ ನುಡಿಸಿದ್ದಾರೆ. ಒಂದು ರಾತ್ರಿಯ ಹಾಗೆ ಇನ್ನೊಂದಿಲ್ಲ. ಹಾಗಾಗಿ ಹೊಸದಾಗಿ ಸಿಕ್ಕ ಪ್ರತಿ ತಾರೀಖೂ ಒಂದು ಹೊಸ ಕೃತಿಯೇ.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಲ್ಲಿಕಾರ್ಜುನ ಮನ್ಸೂರರ ಒಂದೇ ರಾಗದ ಎರಡು ಮೆಹಫಿಲ್ ಟೇಪುಗಳನ್ನು ಬೇರೆ ಬೇರೆಯಾಗಿ ಜೋಪಾನ ಮಾಡುವವರು ಧಾರವಾಡ, ಹುಬ್ಬಳ್ಳಿ ಕಡೆ ಇದ್ದಾರಲ್ಲ, ಅವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಸರಿ, 1961ರ ಆಗಸ್ಟ್ ಯಾಕೆ ಅಷ್ಟು ಮುಖ್ಯ?

ಅದೇ ವರ್ಷದ ಮೇ, ಜೂನ್‌ನಲ್ಲಿ ಕೋಲ್ಟ್ರೇನ್ ಇಂಪಲ್ಸ್ ಕಂಪನಿಗೆ ತಮ್ಮ ಮೊದಲ ಆಲ್ಬಮ್ ಮಾಡಿದರು. ದೊಡ್ಡ ಬ್ರಾಸ್ ತಂಡ, ಅಂದರೆ ಹಿತ್ತಾಳೆಯ ಊದುವ ವಾದ್ಯಗಳ ತಂಡ ಇಟ್ಟುಕೊಂಡು ಮಾಡಿದ್ದು. ಅದರಲ್ಲಿ ಎರಿಕ್ ಡಾಲ್ಫಿ ಜೊತೆಗಿದ್ದರು. ನವೆಂಬರ್‌ನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಕೆಲವು ರಾತ್ರಿ ರೆಕಾರ್ಡ್ ಮಾಡಿದರು. ಆ ವ್ಯಾನ್‌ಗಾರ್ಡ್ ರಾತ್ರಿಗಳು ಜಾಝ್ ಚರಿತ್ರೆಯಲ್ಲಿ ದೊಡ್ಡ ತಿರುವು. 'ಇಂಡಿಯಾ' ಎಂಬ ರಚನೆ ಅಲ್ಲೇ ಮೂಡಿ ಬಂದದ್ದು. ಅದೇ ನವೆಂಬರ್‌ನಲ್ಲಿ ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್‌ನ ವಿಮರ್ಶಕ ಜಾನ್ ಟೈನನ್ ಈ ತಂಡದ ಸಂಗೀತವನ್ನು ಜಾಝ್ ವಿರೋಧಿ ಎಂದು ಕರೆದರು. ಗಲಾಟೆ ಎದ್ದಿತು. 1962ರ ಏಪ್ರಿಲ್‌ನಲ್ಲಿ ಅದೇ ಪತ್ರಿಕೆಯಲ್ಲಿ ಕೋಲ್ಟ್ರೇನ್ ಮತ್ತು ಡಾಲ್ಫಿ ಇಬ್ಬರೂ ಕೂತು ಉತ್ತರ ಕೊಟ್ಟರು. ಅಲ್ಲಿ ಡಾಲ್ಫಿ ಹಕ್ಕಿಗಳ ಬಗ್ಗೆ ಮಾತಾಡುತ್ತಾರೆ. ಹಕ್ಕಿಗಳ ದನಿಯಲ್ಲಿ ನಮ್ಮ ಸ್ವರಗಳ ನಡುವಿನ ಸ್ವರಗಳಿವೆ ಎನ್ನುತ್ತಾರೆ. ಭಾರತೀಯ ಸಂಗೀತದಲ್ಲೂ ಅಂಥದ್ದೇನೋ ಇದೆ ಎನ್ನುತ್ತಾರೆ. ಓದುವಾಗ ನನಗೆ ಅವರ ಮೇಲೆ ತುಂಬ ಪ್ರೀತಿ ಹುಟ್ಟಿತು. ಬೈಸಿಕೊಂಡ ಮನುಷ್ಯ ಸಿಟ್ಟಾಗದೆ ಹಕ್ಕಿಗಳ ಬಗ್ಗೆ ಮಾತಾಡುತ್ತಾನೆ.

ವಿಲೇಜ್ ಗೇಟ್ ಟೇಪು ಇರುವುದು ಜೂನ್ ಮತ್ತು ನವೆಂಬರ್‌ನ ನಡುವೆ. ತಂಡ ಇನ್ನೂ ದಾರಿ ಹುಡುಕುತ್ತಿದ್ದ ಹೊತ್ತು. ಪಿಯಾನೋದಲ್ಲಿ ಮೆಕಾಯ್ ಟೈನರ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್, ಬೇಸ್‌ನಲ್ಲಿ ರೆಜಿ ವರ್ಕ್‌ಮನ್. ಕೆಲವು ಕಡೆ ಆರ್ಟ್ ಡೇವಿಸ್ ಎರಡನೇ ಬೇಸ್ ಹಿಡಿದು ಬರುತ್ತಾರೆ. 'ಆಫ್ರಿಕಾ' ಎಂಬ ರಚನೆಯನ್ನು ಸ್ಟುಡಿಯೋದಲ್ಲಿ ಬ್ರಾಸ್ ತಂಡದ ಜೊತೆ ನುಡಿಸಿದ್ದರಲ್ಲ, ಇಲ್ಲಿ ಅದನ್ನು ಬರೀ ಸಣ್ಣ ತಂಡದಲ್ಲಿ 22 ನಿಮಿಷ ನುಡಿಸುತ್ತಾರೆ. ಕೋಲ್ಟ್ರೇನ್ ಅದನ್ನು ಸ್ಟುಡಿಯೋದ ಹೊರಗೆ ನುಡಿಸಿದ ಬೇರೆ ಯಾವ ರೆಕಾರ್ಡಿಂಗೂ ಸಿಕ್ಕಿಲ್ಲ. ಸುದ್ದಿ ಓದುವಾಗ ಈ ಒಂದು ಸಾಲಿಗೆ ಬಂದು ನಾನು ನಿಂತುಬಿಟ್ಟೆ.

ಇನ್ನು ಡಾಲ್ಫಿ. ಕೋಲ್ಟ್ರೇನ್ ಜೊತೆ ಅವರು ಇದ್ದದ್ದು ಕೆಲವೇ ತಿಂಗಳು. 1962ರ ವಸಂತದ ಹೊತ್ತಿಗೆ ಬೇರೆಯಾದರು. 1964ರ ಜೂನ್ 29ರಂದು ಬರ್ಲಿನ್‌ನಲ್ಲಿ ಡಯಾಬಿಟಿಸ್‌ನಿಂದ ತೀರಿಕೊಂಡರು. ಆಗ 36 ವರ್ಷ. ಅಷ್ಟು ಚಿಕ್ಕ ಬದುಕಿನಲ್ಲಿ ಅಷ್ಟು ಚಿಕ್ಕ ಒಡನಾಟ. ಅದಕ್ಕೆ ಒಂದೇ ಸಲ 80 ನಿಮಿಷ ಸೇರಿಕೊಂಡಿತು ಅಂದರೆ ಅದೇನು ಕಮ್ಮಿಯಾ?

ಈ ಟೇಪಿನ ಕಥೆಯೂ ಚೆನ್ನಾಗಿದೆ. ರಿಚ್ ಆಲ್ಡರ್ಸನ್ ಎಂಬ ಯುವ ಎಂಜಿನಿಯರ್ ಕ್ಲಬ್ಬಿನ ಹೊಸ ಸೌಂಡ್ ಸಿಸ್ಟಮ್ ಪರೀಕ್ಷೆ ಮಾಡುತ್ತಿದ್ದರು. ವೇದಿಕೆಯ ಮೇಲೆ ಒಂದೇ ಒಂದು ರಿಬ್ಬನ್ ಮೈಕು ಇಟ್ಟು ರೆಕಾರ್ಡ್ ಮಾಡಿದರು. ಆಲ್ಬಮ್ ಮಾಡುವ ಯೋಚನೆಯೇ ಇರಲಿಲ್ಲ. ಮುಂದೆ ಇದೇ ಆಲ್ಡರ್ಸನ್ ಗಾಯಕ ಬಾಬ್ ಡಿಲನ್ ಅವರ 1966ರ ಪ್ರವಾಸಕ್ಕೆ ಸೌಂಡ್ ನೋಡಿಕೊಂಡರು. ಟೇಪುಗಳು ಕೈ ಬದಲಾಗುತ್ತ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಪ್ರದರ್ಶನ ಕಲೆಗಳ ವಿಭಾಗಕ್ಕೆ ಸೇರಿ ಅಲ್ಲೇ ಉಳಿದವು. ಕೊನೆಗೆ ಕಣ್ಣಿಗೆ ಬಿದ್ದದ್ದು ಡಿಲನ್‌ಗೆ ಸಂಬಂಧಪಟ್ಟದ್ದನ್ನು ಹುಡುಕುತ್ತಿದ್ದವರಿಗೆ. ಕೋಲ್ಟ್ರೇನ್ ಯಾರ ಹುಡುಕಾಟದಲ್ಲೂ ಇರಲಿಲ್ಲ.

ಒಂದೇ ಮೈಕು ಅಂದೆನಲ್ಲ, ಅದರ ಪರಿಣಾಮ ಮೊದಲ ನಿಮಿಷದಲ್ಲೇ ಕೇಳುತ್ತದೆ. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಮುಖಕ್ಕೇ ಬಂದು ಬಡಿಯುತ್ತದೆ. ಪಿಯಾನೋ ಹಿಂದೆ ಸರಿದಿದೆ. ಬೇಸ್ ಎಷ್ಟೋ ಕಡೆ ಊಹೆಗೆ ಬಿಟ್ಟದ್ದು. ನನ್ನ ಗೆಳೆಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸ್ಟುಡಿಯೋದ ಅಚ್ಚುಕಟ್ಟಿಗೆ ಒಗ್ಗಿದ ಕಿವಿಗೆ ಹಾಗೆ ಅನಿಸುವುದು ಸಹಜ. ನನಗೆ ಮಾತ್ರ ಇದೇ ಇಷ್ಟ. ಎಲ್ವಿನ್ ನುಡಿಸುವುದರ ಹತ್ತಿರಕ್ಕೆ ಇಷ್ಟು ಹೋಗಿ ನಿಲ್ಲುವುದಕ್ಕೆ ಬೇರೆ ಯಾವ ರೆಕಾರ್ಡಿಂಗೂ ಬಿಟ್ಟಿರಲಿಲ್ಲ. ಎಡಗೈ ಏನು ಮಾಡುತ್ತಿದೆ, ಸಿಂಬಲ್ ಎಲ್ಲಿ ಬಾಗುತ್ತಿದೆ, ಕೋಲ್ಟ್ರೇನ್ ಒಂದು ಸಾಲು ಮುಗಿಸುವ ಮೊದಲೇ ಇವರು ಹೇಗೆ ಅದನ್ನು ಹಿಡಿದುಕೊಂಡು ಎತ್ತುತ್ತಾರೆ, ಎಲ್ಲ ಗೊತ್ತಾಗುತ್ತದೆ. 'ವೆನ್ ಲೈಟ್ಸ್ ಆರ್ ಲೋ' ಎಂಬ ಬೆನ್ನಿ ಕಾರ್ಟರ್ ಅವರ ಹಳೆಯ ರಚನೆಯಲ್ಲಿ ಡಾಲ್ಫಿ ಬೇಸ್ ಕ್ಲಾರಿನೆಟ್ ಎತ್ತಿಕೊಳ್ಳುತ್ತಾರೆ. ದಪ್ಪ, ಬೆಚ್ಚನೆಯ ಆ ದನಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರಿ ಕಿರುಚಿ ಮತ್ತೆ ಕೆಳಗೆ ಇಳಿಯುತ್ತದೆ. ಮುದ್ದಾದ ಹಳೆಯ ಧಾಟಿಯೊಂದನ್ನು ಇಷ್ಟು ಪ್ರೀತಿಯಿಂದ, ಇಷ್ಟು ಧೈರ್ಯದಿಂದ ಬಿಚ್ಚುವುದನ್ನು ನಾನು ಬೇರೆ ಕಡೆ ಕೇಳಿಲ್ಲ.

ಇಂಥ ಕಾಯುವಿಕೆಯ ರುಚಿ ನನ್ನಂಥವರಿಗೆ ಹತ್ತಿಸಿದ್ದು 2005ರ ಒಂದು ಆಲ್ಬಮ್. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

1957ರ ಆರಂಭದಲ್ಲಿ ಕೋಲ್ಟ್ರೇನ್ ಹೆರಾಯಿನ್ ಚಟದಲ್ಲಿ ಮುಳುಗಿದ್ದರು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿ ಕೆಲಸ ಹೋಯಿತು. ಅದೇ ವರ್ಷ ಗಟ್ಟಿ ಮನಸ್ಸು ಮಾಡಿ ಚಟ ಬಿಟ್ಟರು. ಆ ಬೇಸಿಗೆಯಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಅವರ ಜೊತೆ ಫೈವ್ ಸ್ಪಾಟ್ ಕೆಫೆ ಎಂಬ ಪುಟ್ಟ ಜಾಗದಲ್ಲಿ ನುಡಿಸಲು ಶುರು ಮಾಡಿದರು. ಹಲವು ತಿಂಗಳು, ರಾತ್ರಿ ಮೇಲೆ ರಾತ್ರಿ. ಕೇಳಿದವರೆಲ್ಲ ಅದೊಂದು ಪವಾಡ ಎಂದರು. ಅವರ ಕಣ್ಣ ಮುಂದೆಯೇ ಕೋಲ್ಟ್ರೇನ್ ಬೆಳೆಯುತ್ತಿದ್ದರಂತೆ. ಆದರೆ ನಮಗೆ ಉಳಿದದ್ದು ಏನು? ಸ್ಟುಡಿಯೋದಲ್ಲಿ ಆ ತಂಡ ಮಾಡಿದ ಮೂರೇ ರಚನೆಗಳು. ಫೈವ್ ಸ್ಪಾಟ್‌ನ ಒಂದು ಟೇಪು 1993ರಲ್ಲಿ ಬಂತು. ಕೋಲ್ಟ್ರೇನ್ ಅವರ ಆಗಿನ ಪತ್ನಿ ನೈಮಾ ಸಣ್ಣ ರೆಕಾರ್ಡರ್‌ನಲ್ಲಿ ಹಿಡಿದದ್ದು. ಆದರೆ ಅದು 1958ರ ಒಂದು ರಾತ್ರಿಯದು. 1957 ಮಾತ್ರ ಬಾಯಿಮಾತಿನಲ್ಲೇ ಉಳಿಯಿತು. ಜಾಝ್ ಪುಸ್ತಕಗಳಲ್ಲಿ ಅದನ್ನು ಓದುವಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

2005ರ ಜನವರಿಯಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲ್ಯಾರಿ ಆಪಲ್‌ಬಾಮ್ ಎಂಬವರು ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದರು. ವಾಯ್ಸ್ ಆಫ್ ಅಮೆರಿಕ ರೇಡಿಯೋದವರು ಮಾಡಿಕೊಂಡಿದ್ದ ಟೇಪುಗಳ ರಾಶಿ. ಅದರಲ್ಲಿ ಕಾರ್ನೆಗಿ ಹಾಲ್ ಜಾಝ್ 1957 ಎಂದು ಬರೆದ ಡಬ್ಬಿಗಳು ಇದ್ದವು. ಒಂದರ ಮೇಲೆ ಕೈಬರಹದಲ್ಲಿ ಟಿ. ಮಂಕ್ ಎಂದಿತ್ತು. ಕೋಲ್ಟ್ರೇನ್ ಹೆಸರು ಎಲ್ಲೂ ಇರಲಿಲ್ಲ. ಟೇಪು ಹಾಕಿದಾಗ ಸ್ಯಾಕ್ಸೊಫೋನ್ ದನಿ ಕೇಳಿ ಅವರ ಎದೆ ಹೇಗೆ ಬಡಿದುಕೊಂಡಿರಬೇಕು!

ಅದು 1957ರ ನವೆಂಬರ್ 29ರ ಕಛೇರಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಹಾರ್ಲೆಮ್‌ನ ಒಂದು ಸಮುದಾಯ ಕೇಂದ್ರದ ಸಹಾಯಾರ್ಥ ಮಾಡಿದ್ದು. ಅದೇ ಕಾರ್ಯಕ್ರಮದಲ್ಲಿ ಬಿಲ್ಲಿ ಹಾಲಿಡೇ, ಡಿಜ್ಜಿ ಗಿಲೆಸ್ಪಿ, ರೇ ಚಾರ್ಲ್ಸ್, ಸನ್ನಿ ರಾಲಿನ್ಸ್ ಎಲ್ಲರೂ ಇದ್ದರು. ಅಂಥ ದಿಗ್ಗಜರ ನಡುವೆ ಮಂಕ್ ತಂಡಕ್ಕೆ ಸಿಕ್ಕದ್ದು ಎರಡು ಸಣ್ಣ ಸರದಿ. ಎರಡೂ ಸೇರಿ ಐವತ್ತು ನಿಮಿಷದ ಆಸುಪಾಸು. ಬೇಸ್‌ನಲ್ಲಿ ಅಹ್ಮದ್ ಅಬ್ದುಲ್ ಮಲಿಕ್, ಡ್ರಮ್ಸ್‌ನಲ್ಲಿ ಶ್ಯಾಡೋ ವಿಲ್ಸನ್. 2005ರ ಸೆಪ್ಟೆಂಬರ್‌ನಲ್ಲಿ ಬ್ಲೂ ನೋಟ್ ಕಂಪನಿ ಅದನ್ನು ಹೊರತಂದಿತು. ರೆಕಾರ್ಡಿಂಗ್ ಎಷ್ಟು ಸ್ವಚ್ಛವಾಗಿದೆ ಅಂದರೆ ನಂಬಲಿಕ್ಕೇ ಆಗುವುದಿಲ್ಲ. 'ಮಂಕ್ಸ್ ಮೂಡ್' ನಿಂದ ಶುರುವಾಗುತ್ತದೆ. ಮಂಕ್ ಕೈಗೆ ಒಳ್ಳೆಯ ಪಿಯಾನೋ ಸಿಕ್ಕಿದೆ, ಅದನ್ನು ಅವರು ಸವಿಯುವುದು ಕೇಳುತ್ತದೆ. ಕೋಲ್ಟ್ರೇನ್ ಮೊದಲು ಮೆಲ್ಲಗೆ ಒಳಗೆ ಬರುತ್ತಾರೆ. 'ನಟ್ಟಿ' ಹೊತ್ತಿಗೆ ಸ್ವರಗಳು ಧಾರೆಯಾಗಿ ಸುರಿಯುತ್ತಿವೆ. ಬಾಯಿಮಾತಿನಲ್ಲಿ ಕೇಳಿದ್ದೆಲ್ಲ ನಿಜವಾಗಿತ್ತು ಎಂದು ಆವತ್ತು ಗೊತ್ತಾಯಿತು.

ವಾಯ್ಸ್ ಆಫ್ ಅಮೆರಿಕ ಅಂದರೆ ಅಮೆರಿಕ ಸರ್ಕಾರ ಹೊರದೇಶಗಳಿಗಾಗಿ ನಡೆಸುತ್ತಿದ್ದ ರೇಡಿಯೋ. ವಿಲ್ಲಿಸ್ ಕಾನೋವರ್ ಎಂಬವರು ಅದರಲ್ಲಿ ದಶಕಗಳ ಕಾಲ ಜಾಝ್ ಕಾರ್ಯಕ್ರಮ ಕೊಟ್ಟರು. ನಮ್ಮಲ್ಲೂ ಹಳೆಯ ಜಾಝ್ ಪ್ರಿಯರು ಶಾರ್ಟ್‌ವೇವ್ ಮುಳ್ಳು ತಿರುಗಿಸಿ ಅವರ ದನಿ ಹುಡುಕುತ್ತಿದ್ದವರೇ. ಇದೇ ರೇಡಿಯೋದ ಟೇಪು ಇನ್ನೊಂದು ಪುಣ್ಯ ಕಟ್ಟಿಕೊಂಡಿದೆ. 1956ರ ಜುಲೈ 7ರಂದು ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವೆಸ್ 27 ಆವರ್ತ ಎಡೆಬಿಡದೆ ಸ್ಯಾಕ್ಸೊಫೋನ್ ನುಡಿಸಿ ಜನರನ್ನು ಕುಣಿಸಿದರು. ಆದರೆ ಅವರು ನಿಂತದ್ದು ರೆಕಾರ್ಡ್ ಕಂಪನಿಯ ಮೈಕಿನ ಮುಂದಲ್ಲ, ರೇಡಿಯೋದವರ ಮೈಕಿನ ಮುಂದೆ. ಹಾಗಾಗಿ ಆಗ ಬಂದ ಎಲ್‌ಪಿಯಲ್ಲಿ ಅವರ ದನಿ ದೂರದಿಂದ ಕೇಳುತ್ತದೆ. 1990ರ ದಶಕದಲ್ಲಿ ರೇಡಿಯೋದ ಟೇಪು ಸಿಕ್ಕಿತು. ಎರಡನ್ನೂ ಕೂಡಿಸಿ 1999ರಲ್ಲಿ ಪೂರ್ತಿ ಕಛೇರಿಯನ್ನು ಸ್ಟೀರಿಯೋದಲ್ಲಿ ತಂದರು. ಗೊನ್ಸಾಲ್ವೆಸ್ ತೀರಿಕೊಂಡು ಆಗಲೇ 25 ವರ್ಷವಾಗಿತ್ತು.

ಈ ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಒಂದೇ. ಈ ಸಂಗೀತವನ್ನು ಉಳಿಸಿದವರಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಸೌಂಡ್ ಪರೀಕ್ಷೆ ಮಾಡಿದವರು, ರೇಡಿಯೋ ಡ್ಯೂಟಿ ಮಾಡಿದವರು, ಡಬ್ಬಿ ಮೇಲೆ ಹೆಸರು ಗೀಚಿದ ಯಾರೋ ಗುಮಾಸ್ತರು. ಜೊತೆಗೆ ಸುಮ್ನೆ ಪ್ರೀತಿಗೆ ಮಾಡಿದವರು.

1940ರ ನವೆಂಬರ್ 7ರಂದು ನಾರ್ತ್ ಡಕೋಟಾದ ಫಾರ್ಗೋ ಎಂಬ ಊರಿಗೆ ಎಲಿಂಗ್ಟನ್ ತಂಡ ಬಂದಿತ್ತು. ಕ್ರಿಸ್ಟಲ್ ಬಾಲ್‌ರೂಮ್‌ನಲ್ಲಿ ಜನ ಕುಣಿಯಲು ಸೇರಿದ್ದರು. ಜ್ಯಾಕ್ ಟವರ್ಸ್, ಡಿಕ್ ಬರ್ರಿಸ್ ಎಂಬ ಇಬ್ಬರು ಯುವಕರು ಅನುಮತಿ ಪಡೆದು ಡಿಸ್ಕ್ ಕೊರೆಯುವ ಯಂತ್ರ ಹೊತ್ತು ತಂದರು. ಬೆನ್ ವೆಬ್‌ಸ್ಟರ್, ಜಿಮ್ಮಿ ಬ್ಲಾಂಟನ್ ಇದ್ದ ಆ ತಂಡ ಎಲಿಂಗ್ಟನ್ ಅವರ ಅತ್ಯುತ್ತಮ ತಂಡ ಎಂದು ಬಹಳ ಜನ ಒಪ್ಪುತ್ತಾರೆ. ಹೊರಗೆ ಚಳಿ, ಒಳಗೆ ಆ ತಂಡ, ಇವರ ಸೂಜಿ ಸುತ್ತುತ್ತಿದೆ. 1978ರಲ್ಲಿ ಅದು ಆಲ್ಬಮ್ ಆಗಿ ಬಂತು. ಬ್ಲಾಂಟನ್ ಆ ರಾತ್ರಿಯ ನಂತರ ಎರಡು ವರ್ಷವೂ ಬದುಕಲಿಲ್ಲ. ಕ್ಷಯದಿಂದ ಹೋದಾಗ ಇಪ್ಪತ್ಮೂರು ವರ್ಷ. ಅವರ ಬೇಸ್ ಇಡೀ ತಂಡವನ್ನು ಹೊತ್ತು ನಡೆಯುವುದನ್ನು ಅಲ್ಲಿ ಕೇಳಬಹುದು.

ಡೀನ್ ಬೆನೆಡೆಟ್ಟಿ ಇನ್ನೊಂದು ಥರದವರು. 1947–48ರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹೋದ ಕ್ಲಬ್ಬುಗಳಿಗೆ ಹೋಗಿ ಪಾರ್ಕರ್ ನುಡಿಸುವಾಗ ಮಾತ್ರ ಯಂತ್ರ ಹಾಕುತ್ತಿದ್ದರು. ಬೇರೆಯವರ ಸರದಿ ಬಂದರೆ ಆಫ್. ಹಾಗಾಗಿ ಅವರ ಸಂಗ್ರಹ ಪೂರ್ತಿ ತುಂಡು ತುಂಡು. ಒಂದು ಸೋಲೋ ಮಧ್ಯದಿಂದ ಶುರು, ಇನ್ನೊಂದು ಇದ್ದಕ್ಕಿದ್ದಂತೆ ಕಟ್. ಬೆನೆಡೆಟ್ಟಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. 1990ರಲ್ಲಿ ಮೊಸಾಯಿಕ್ ಕಂಪನಿ ಅದನ್ನೆಲ್ಲ ಹೊರತರುವವರೆಗೆ ಅದೊಂದು ದಂತಕಥೆ. ಕೇಳುವುದು ಕಷ್ಟ, ಒಪ್ಪುತ್ತೇನೆ. ಆದರೂ ಒಬ್ಬ ಮನುಷ್ಯನ ಏಕಾಗ್ರ ಪ್ರೀತಿ ಅದರಲ್ಲಿದೆ.

ಇನ್ನು ಸಿಯಾಟಲ್ ಟೇಪು. ಕೋಲ್ಟ್ರೇನ್ ಅವರ 'ಅ ಲವ್ ಸುಪ್ರೀಮ್' ಯಾರಿಗೆ ಗೊತ್ತಿಲ್ಲ? ಜಾಝ್ ಕೇಳದವರ ಮನೆಯಲ್ಲೂ ಆ ಆಲ್ಬಮ್ ಇರುತ್ತದೆ. ಆದರೆ ಅದನ್ನು ಪೂರ್ತಿಯಾಗಿ ವೇದಿಕೆಯ ಮೇಲೆ ನುಡಿಸಿದ ಒಂದೇ ರೆಕಾರ್ಡಿಂಗ್ ಇತ್ತು. ಫ್ರಾನ್ಸಿನ ಆಂಟಿಬ್ಸ್‌ನಲ್ಲಿ, 1965ರ ಜುಲೈ 26ರದು. ಹಾಗೆಂದೇ ಎಲ್ಲರೂ ನಂಬಿದ್ದರು. ಅದೇ ವರ್ಷ ಅಕ್ಟೋಬರ್ 2ರಂದು ಸಿಯಾಟಲ್‌ನ ಪೆಂಟ್‌ಹೌಸ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಜೋ ಬ್ರೆಜಿಲ್ ಇನ್ನೊಂದನ್ನು ಹಿಡಿದಿಟ್ಟಿದ್ದರು. ಕೋಲ್ಟ್ರೇನ್ ಅವರ ಸ್ನೇಹಿತರು ಅವರು. ಟೇಪನ್ನು ಮನೆಯಲ್ಲೇ ಇಟ್ಟುಕೊಂಡರು. 2008ರಲ್ಲಿ ತೀರಿಕೊಂಡರು. ಆಮೇಲೆ ಅವರ ಸಂಗ್ರಹ ನೋಡುತ್ತಿದ್ದ ಸ್ಟೀವ್ ಗ್ರಿಗ್ಸ್ ಎಂಬ ಸಂಗೀತಗಾರರಿಗೆ ಅದು ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಲೋಕಕ್ಕೆ ಬಂತು.

ಸ್ಟುಡಿಯೋದಲ್ಲಿ 33 ನಿಮಿಷ ಇದ್ದದ್ದು ಇಲ್ಲಿ 75 ನಿಮಿಷ. ಫ್ಯಾರೋ ಸ್ಯಾಂಡರ್ಸ್, ಕಾರ್ಲೋಸ್ ವಾರ್ಡ್ ಎಂಬ ಇಬ್ಬರು ಸ್ಯಾಕ್ಸೊಫೋನ್‌ನವರು ಸೇರಿದ್ದಾರೆ. ಬೇಸ್ ಎರಡು. ಇದು ಸುಲಭದ ಆಲ್ಬಮ್ ಅಲ್ಲ. ಸ್ಟುಡಿಯೋ ಆವೃತ್ತಿಯ ಪ್ರಾರ್ಥನೆಯ ಗುಣವನ್ನು ಹುಡುಕಿಕೊಂಡು ಹೋದವರಿಗೆ ಇಲ್ಲಿ ಬೆಂಕಿ ಸಿಗುತ್ತದೆ. ಇಲ್ಲೇ ನೋಡಿ ತಾರೀಖು ಸಹಾಯಕ್ಕೆ ಬರುವುದು. ಅದೇ ವರ್ಷದ ಕೊನೆಗೆ ಟೈನರ್ ತಂಡ ಬಿಟ್ಟರು. ಮುಂದಿನ ವರ್ಷದ ಆರಂಭದಲ್ಲಿ ಎಲ್ವಿನ್ ಬಿಟ್ಟರು. ಅದು ಗೊತ್ತಿದ್ದು ಕೇಳಿದರೆ ಟೈನರ್ ಪಿಯಾನೋ ಎಷ್ಟು ಗಟ್ಟಿಯಾಗಿ ನೆಲ ಹಿಡಿಯುತ್ತಿದೆ, ಎಲ್ವಿನ್ ಎಷ್ಟು ಜೋರಾಗಿ ತಮ್ಮ ಜಾಗ ಕೇಳುತ್ತಿದ್ದಾರೆ ಎನ್ನುವುದು ಬೇರೆ ರೀತಿಯಲ್ಲಿ ಕೇಳಿಸುತ್ತದೆ. ಕೋಲ್ಟ್ರೇನ್ ಅವರ ಮೂಲ ತಂಡದ ನಾಲ್ವರೂ ಇನ್ನೂ ಒಟ್ಟಿಗೆ ಇದ್ದಾರೆ. ಬಹಳ ದಿನ ಇರುವುದಿಲ್ಲ.

ಮನೆಯಲ್ಲಿ ಜೋಪಾನ ಮಾಡಿದವರಲ್ಲಿ ಡ್ರಮ್ಮರ್ ಜ್ಯಾಕ್ ಡಿಜಾನೆಟ್ ಕೂಡ ಒಬ್ಬರು. 1966ರಲ್ಲಿ ನ್ಯೂಯಾರ್ಕಿನ ಸ್ಲಗ್ಸ್ ಕ್ಲಬ್ಬಿನಲ್ಲಿ ಟೈನರ್, ಜೋ ಹೆಂಡರ್ಸನ್, ಹೆನ್ರಿ ಗ್ರೈಮ್ಸ್ ಜೊತೆ ಅವರು ನುಡಿಸಿದ್ದರು. ಆ ಟೇಪು ಅವರ ಸ್ವಂತ ಸಂಗ್ರಹದಲ್ಲಿ ದಶಕಗಳ ಕಾಲ ಇತ್ತು. 2024ರ ನವೆಂಬರ್‌ನಲ್ಲಿ ಬ್ಲೂ ನೋಟ್ ಅದನ್ನು ತಂದಿತು. ಅಷ್ಟು ಹುರುಪಿನ ಜಾಝ್ ಕೇಳಿ ನನಗೆ ಬಹಳ ಕಾಲವಾಗಿತ್ತು.

ಇದಕ್ಕೆ ಎದುರಾಗಿ ದೊಡ್ಡ ಕಂಪನಿಗಳ ಗೋದಾಮುಗಳನ್ನು ನೆನಪಿಸಿಕೊಂಡರೆ ಬೇಜಾರಾಗುತ್ತದೆ. ಕೋಲ್ಟ್ರೇನ್ 1963ರ ಮಾರ್ಚ್ 6ರಂದು ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್ 2018ರಲ್ಲಿ ಹೊರಬಂತಲ್ಲ, ಅದರ ಮೂಲ ಟೇಪು ಕಂಪನಿಯ ಬಳಿ ಉಳಿದಿರಲಿಲ್ಲ. ಕೋಲ್ಟ್ರೇನ್ ಮನೆಗೆ ತೆಗೆದುಕೊಂಡು ಹೋಗಿದ್ದ ಪ್ರತಿ ನೈಮಾ ಅವರ ಕುಟುಂಬದಲ್ಲಿ ಉಳಿದಿದ್ದರಿಂದ ನಾವು ಕೇಳಿದೆವು. 2008ರ ಜೂನ್ 1ರಂದು ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಬೆಂಕಿ ಬಿತ್ತು. ಸಂಗೀತದ ಮೂಲ ಟೇಪುಗಳು ಬಹಳ ಸುಟ್ಟುಹೋದವು ಎಂಬುದು ಜನಕ್ಕೆ ತಿಳಿದದ್ದು 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ವರದಿ ಬಂದ ಮೇಲೆ. ಎಷ್ಟು ಹೋಯಿತು ಎಂಬ ಬಗ್ಗೆ ಕಂಪನಿಗೂ ಪತ್ರಿಕೆಗೂ ತಕರಾರಿದೆ. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಪ್ರಶ್ನೆ ನನ್ನನ್ನು ಕಾಡುತ್ತಲೇ ಇರುತ್ತದೆ. ಇದನ್ನು ಹೊರಗೆ ತರಲು ನುಡಿಸಿದವರು ಒಪ್ಪುತ್ತಿದ್ದರಾ? ವ್ಯಾನ್‌ಗಾರ್ಡ್ ರಾತ್ರಿಗಳಿಂದ ಯಾವುದು ಆಲ್ಬಮ್ ಆಗಬೇಕು ಎಂಬ ಆಯ್ಕೆ ಅವರು ಬದುಕಿದ್ದಾಗಲೇ ನಡೆಯಿತು. ವಿಲೇಜ್ ಗೇಟ್‌ನಲ್ಲಿ ಅವರನ್ನು ಕೇಳುವ ಸಂದರ್ಭವೇ ಬರಲಿಲ್ಲ. ಪಿಯಾನೋ ವಾದಕ ಬಿಲ್ ಇವಾನ್ಸ್ ವಿಷಯ ಇನ್ನೂ ಕಷ್ಟದ್ದು. ಮೈಕ್ ಹ್ಯಾರಿಸ್ ಎಂಬ ಅಭಿಮಾನಿ 1966ರಿಂದ 1975ರವರೆಗೆ ವ್ಯಾನ್‌ಗಾರ್ಡ್‌ನಲ್ಲಿ ಗುಟ್ಟಾಗಿ ಅವರನ್ನು ರೆಕಾರ್ಡ್ ಮಾಡುತ್ತಿದ್ದರು. ಇವಾನ್ಸ್ ತೀರಿಕೊಂಡ ಮೇಲೆ, 1996ರಲ್ಲಿ, ಅದು ಎಂಟು ಸಿಡಿಗಳಾಗಿ ಬಂತು. ಬಚ್ಚಿಟ್ಟ ಮೈಕಿನ ಮುಂದೆ ಒಬ್ಬ ಕಲಾವಿದ ತನ್ನ ಸುಸ್ತಿನ ರಾತ್ರಿಯನ್ನೂ ನುಡಿಸಿರುತ್ತಾನೆ. ಅದನ್ನು ನಾವು ಕೇಳಬೇಕಾ?

ನಾನು ಕೇಳುತ್ತೇನೆ. ಬಿಡಲು ಆಗುವುದಿಲ್ಲ. ಆದರೆ ಬಿಡುಗಡೆ ಮಾಡುವವರಿಂದ ಕೆಲವನ್ನು ಬಯಸುತ್ತೇನೆ. ಯಾರು ರೆಕಾರ್ಡ್ ಮಾಡಿದರು, ಎಲ್ಲಿ ಸಿಕ್ಕಿತು, ಏನು ಕತ್ತರಿಸಿದ್ದಾರೆ ಎಂಬುದನ್ನು ಪುಸ್ತಿಕೆಯಲ್ಲಿ ಬಿಚ್ಚಿ ಹೇಳಬೇಕು. ನುಡಿಸಿದವರ ಮನೆಯವರಿಗೆ ದುಡ್ಡು ಹೋಗಬೇಕು. ಬದುಕಿರುವ ಸಂಗೀತಗಾರರನ್ನು ಮಾತಾಡಿಸಬೇಕು. ವಿಲೇಜ್ ಗೇಟ್ ಆಲ್ಬಮ್ ಪುಸ್ತಿಕೆಯಲ್ಲಿ ರೆಜಿ ವರ್ಕ್‌ಮನ್ ಬರೆದಿದ್ದಾರೆ, ಆಲ್ಡರ್ಸನ್ ಬರೆದಿದ್ದಾರೆ. ಅದನ್ನು ಓದಿ ನನಗೆ ಸಮಾಧಾನವಾಯಿತು. ಇನ್ನು ಸಿಕ್ಕಿದ್ದನ್ನೆಲ್ಲ ಕಳೆದುಹೋದ ನಿಧಿ ಎಂದು ಸಾರಿ ಮಾರುವವರೂ ಇದ್ದಾರೆ. ಪ್ರತಿ ಟೇಪೂ ಆಲ್ಬಮ್ ಆಗಬೇಕಿಲ್ಲ. ಕೆಲವು ಲೈಬ್ರರಿಯಲ್ಲಿ, ಹುಡುಕಿಕೊಂಡು ಬಂದವರಿಗೆ ಸಿಗುವ ಹಾಗೆ ಇದ್ದರೆ ಸಾಕು.

2024ರ ಮಾರ್ಚ್‌ನಲ್ಲಿ ಬಂದ, ಕೋಲ್ಟ್ರೇನ್ ಅವರ ಎರಡನೇ ಪತ್ನಿ ಆಲಿಸ್ ಕೋಲ್ಟ್ರೇನ್ ಅವರ ಕಾರ್ನೆಗಿ ಹಾಲ್ ಕಛೇರಿ ಮಾತ್ರ ಯಾವ ಅನುಮಾನವೂ ಇಲ್ಲದೆ ಬರಲೇಬೇಕಿತ್ತು. 1971ರ ಫೆಬ್ರವರಿ 21ರದು. ಸ್ವಾಮಿ ಸಚ್ಚಿದಾನಂದರ ಇಂಟಿಗ್ರಲ್ ಯೋಗ ಸಂಸ್ಥೆಯ ಸಹಾಯಾರ್ಥ ನಡೆದದ್ದು. ಇಬ್ಬರು ಸ್ಯಾಕ್ಸೊಫೋನ್‌ನವರು, ಇಬ್ಬರು ಬೇಸ್‌ನವರು, ಇಬ್ಬರು ಡ್ರಮ್ಮರ್‌ಗಳು, ಜೊತೆಗೆ ಹಾರ್ಮೋನಿಯಂ ಮತ್ತು ತಂಬೂರಿ. ನಡುವೆ ಆಲಿಸ್ ಅವರ ಹಾರ್ಪ್. ತಂಬೂರಿಯ ಶ್ರುತಿಯ ಮೇಲೆ ಬೇಸ್ ಮೆಲ್ಲಗೆ ಹೆಜ್ಜೆ ಇಡುತ್ತದೆ, ಹಾರ್ಪ್ ತೆರೆದುಕೊಳ್ಳುತ್ತದೆ. ಶ್ರುತಿ ಪೆಟ್ಟಿಗೆ ಕೇಳುತ್ತಲೇ ಬೆಳೆದ ಕಿವಿಗೆ ಇದು ತೀರಾ ಪರಿಚಯದ ಜಾಗ. ಎರಡನೇ ಅರ್ಧದಲ್ಲಿ 'ಆಫ್ರಿಕಾ' ಬರುತ್ತದೆ. ಹತ್ತು ವರ್ಷದ ಹಿಂದೆ ವಿಲೇಜ್ ಗೇಟ್‌ನಲ್ಲಿ ಗಂಡ ನುಡಿಸಿದ್ದನ್ನು ಹೆಂಡತಿ ಅರ್ಧ ಗಂಟೆಯ ಹತ್ತಿರ ನುಡಿಸುತ್ತಾರೆ. ನಾನು ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳುತ್ತಿರುತ್ತೇನೆ.

ಕರ್ನಾಟಕಕ್ಕೂ ಈ ಸಂಗೀತಕ್ಕೂ ನೇರ ನಂಟಿದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಾಗಸ್ವರ ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಅವರ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿದರು. ಜರ್ಮನಿಯ ಇಸಿಎಂ ಕಂಪನಿ ತಂದದ್ದು. ರಮಾಮಣಿ ಅವರ ದನಿಯ ಪಕ್ಕ ಮರಿಯಾನೋ ಸ್ಯಾಕ್ಸೊಫೋನ್ ನಿಲ್ಲುವ ರೀತಿ ಕೇಳಿದರೆ ಗೊತ್ತಾಗುತ್ತದೆ, ಇದು ಮೇಲುಮೇಲಿನ ಬೆರಕೆ ಅಲ್ಲ ಎಂದು. ನಮ್ಮ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಂತಪ್ಪ ಅವರ ಜೊತೆ 'ಕಿನ್ಸ್‌ಮೆನ್' ಆಲ್ಬಮ್ ಬಂತು. ಇವುಗಳ ಸ್ಟುಡಿಯೋ ರೂಪ ನಮ್ಮ ಬಳಿ ಇದೆ. ರಾತ್ರಿಗಳು ಎಲ್ಲಿ?

ನಮ್ಮೂರುಗಳ ಕಛೇರಿಗೆ ಕ್ಯಾಸೆಟ್ ರೆಕಾರ್ಡರ್ ತಂದು ಮೊದಲ ಸಾಲಿನಲ್ಲಿ ಇಡುತ್ತಿದ್ದವರನ್ನು ನಾವೆಲ್ಲ ನೋಡಿದ್ದೇವೆ. ಅವರ ಮನೆಯ ಅಟ್ಟದ ಮೇಲೆ, ಷೂ ಡಬ್ಬಿಗಳಲ್ಲಿ ಆ ಕ್ಯಾಸೆಟ್ಟುಗಳು ಇರುತ್ತವೆ. ನಾನು ನೋಡಿದ ಎಷ್ಟೋ ಕ್ಯಾಸೆಟ್ ಮೇಲೆ ಬರೀ 'ಸ್ಯಾಕ್ಸ್, ಟೌನ್ ಹಾಲ್' ಎಂದಷ್ಟೇ ಬರೆದಿತ್ತು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಮೊದಲು ಬರೆಯಿರಿ. ಯಾರು ನುಡಿಸಿದ್ದು, ಪಕ್ಕವಾದ್ಯ ಯಾರು, ಯಾವ ಊರು, ಯಾವ ವರ್ಷ. ರೆಕಾರ್ಡ್ ಮಾಡಿದವರ ಹೆಸರನ್ನೂ ಬರೆಯಿರಿ. ಹಿರಿಯರು ಇರುವಾಗಲೇ ಕೇಳಿಕೊಳ್ಳಿ. ಊಹೆಯಾದರೆ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ. ಟೇಪಿನ ಮೇಲೆ ಬಿಳಿ ಪುಡಿಯ ಹಾಗೆ ಬೂಸ್ಟು ಕಂಡರೆ ಹಳೆಯ ಪ್ಲೇಯರ್‌ಗೆ ಹಾಕಿ ತಿರುಗಿಸಲೇಬೇಡಿ. ಅದು ಇಡೀ ಟೇಪಿಗೆ ಹರಡುತ್ತದೆ, ಪ್ಲೇಯರಿನ ಹೆಡ್ಡಿಗೂ ಅಂಟುತ್ತದೆ. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಸ್ಪೀಕರ್, ಟಿವಿ ಹತ್ತಿರ ಬೇಡ. ಡಿಜಿಟಲ್ ಮಾಡಿಸುವಾಗ ಎಂಪಿ3ಗೆ ಒಪ್ಪಬೇಡಿ, ವೇವ್ ಫೈಲ್ ಕೇಳಿ ಪಡೆಯಿರಿ. ಡಿಜಿಟಲ್ ಆಯಿತು ಅಂತ ಮೂಲ ಕ್ಯಾಸೆಟ್ಟನ್ನು ಬಿಸಾಡಬೇಡಿ. ಅದರಲ್ಲಿ ಮರಿಯಾನೋ ಇದ್ದರೆ, ಕದ್ರಿ ಇದ್ದರೆ, ದಯವಿಟ್ಟು ನನಗೊಂದು ಮಾತು ತಿಳಿಸಿ. ಎಲ್ಲಿದ್ದರೂ ಬಂದು ಕೇಳುತ್ತೇನೆ.